401ಕೆ ದುಡ್ಡನ್ನು ಚಿನ್ನದ ಐಆರ್‌ಎಗೆ ಹಾಕಬಹುದಾ? ನಮ್ಮ ಯಜಮಾನರು ಹಟ ಹಿಡಿದಿದ್ದಾರೆ

ಒಂಟಿಕೊಪ್ಪಲ್_ಎಡಿಸನ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 58, ಯಜಮಾನರಿಗೆ 61. ನಾನು 2019ರಲ್ಲಿ ಬಿಟ್ಟ ಕಂಪನಿಯಲ್ಲಿ ನನ್ನ ಹಳೇ 401ಕೆ (ಇಲ್ಲಿ ಅಮೆರಿಕದಲ್ಲಿ ಕಂಪನಿ ಮೂಲಕ ಕಟ್ಟುವ ರಿಟೈರ್‌ಮೆಂಟ್ ಖಾತೆ) ಹಾಗೇ ಬಿದ್ದಿದೆ. ಈಗ ಅದರಲ್ಲಿ 3 ಲಕ್ಷ 10 ಸಾವಿರ ಡಾಲರ್ ಇದೆ, ಎಲ್ಲಾ ಷೇರು ಫಂಡಿನಲ್ಲಿ. ಈ ಬೇಸಿಗೆಯಲ್ಲಿ ಯಜಮಾನರು ಟಿವಿ ಜಾಹೀರಾತು ನೋಡಿ ಒಂದು ನಂಬರಿಗೆ ಫೋನ್ ಮಾಡಿದರು, ಮನೆಗೊಂದು "ಫ್ರೀ ಕಿಟ್" ಬಂತು, ಆವತ್ತಿನಿಂದ ಒಬ್ಬ ಸೇಲ್ಸ್ ಹುಡುಗ ವಾರಕ್ಕೆ ಮೂರು ಸಲ ಫೋನ್ ಮಾಡಿ ನನಗಿಂತ ಜಾಸ್ತಿ ಇವರ ಆರೋಗ್ಯ ವಿಚಾರಿಸುತ್ತಿದ್ದಾನೆ.

ಅವನು ಹೇಳುವುದು ಇಷ್ಟು. 401ಕೆಯನ್ನು ಪೂರ್ತಿ ಚಿನ್ನದ ಐಆರ್‌ಎಗೆ (ಐಆರ್‌ಎ ಅಂದರೆ ನಾವೇ ತೆರೆಯುವ ರಿಟೈರ್‌ಮೆಂಟ್ ಖಾತೆ) ವರ್ಗಾಯಿಸಿ. ಟ್ಯಾಕ್ಸ್ ಬೀಳುವುದಿಲ್ಲ. ಅಸಲಿ ನಾಣ್ಯ ನಿಮ್ಮ ಹೆಸರಿನಲ್ಲಿ ತಿಜೋರಿಯಲ್ಲಿರುತ್ತದೆ. ಖಾತೆ ತೆರೆಯಲು 50 ಡಾಲರ್, ಆಮೇಲೆ ವರ್ಷಕ್ಕೆ ಕಸ್ಟೋಡಿಯನ್‌ಗೆ 125, ತಿಜೋರಿಗೆ 150. ಈ ತಿಂಗಳೊಳಗೆ ಮಾಡಿದರೆ 5000 ಡಾಲರಿನ ಬೆಳ್ಳಿ ಫ್ರೀ.

ನನಗೂ ಚಿನ್ನ ಅಂದರೆ ನಂಬಿಕೆ, ಸುಳ್ಳು ಯಾಕೆ ಹೇಳಲಿ. ಅಮ್ಮ ಚೀಟಿ ಎತ್ತಿದ ದುಡ್ಡಲ್ಲಿ ಒಂದೊಂದೇ ಸವರನ್ ಸೇರಿಸುತ್ತಿದ್ದರು. ನನ್ನ ಇಂಜಿನಿಯರಿಂಗ್ ಫೀಜಿಗೆ ಅವರ ನಾಲ್ಕು ಬಳೆ ಗಿರವಿ ಹೋಗಿತ್ತು, ಮೂರು ವರ್ಷಕ್ಕೆ ಬಿಡಿಸಿಕೊಂಡರು. ಆದರೂ ಇದೇನೋ ಬೇರೆ ಥರ ಅನಿಸುತ್ತಿದೆ. ಯಾರಾದರೂ ಮಾಡಿದ್ದೀರಾ?

ಜಯನಗರ_4ನೇ_ಬ್ಲಾಕ್

ಬೆಳ್ಳಿ ಫ್ರೀ ಅಂದರೆ ಚಿನ್ನದ ಬೆಲೆಯಲ್ಲಿ ಬೆಳ್ಳಿ ಸೇರಿದೆ ಅಂತ ಅರ್ಥ ಅಕ್ಕ. ಅವೆನ್ಯೂ ರೋಡಲ್ಲಿ ಎರಡು ದಿನ ಓಡಾಡಿದವರಿಗೆ ಇಷ್ಟು ಗೊತ್ತಿರುತ್ತದೆ 😄

ಲೆಕ್ಕದ_ರಾಯರು

ಮೇಡಂ, ಮೊದಲು ಇದು ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ, ಆಮೇಲೆ ಬೇಕೋ ಬೇಡವೋ ನೋಡೋಣ.

"ಚಿನ್ನದ ಐಆರ್‌ಎ" ಅಂತ ಕಾನೂನಿನಲ್ಲಿ ಪ್ರತ್ಯೇಕವಾಗಿ ಏನೂ ಇಲ್ಲ. ಅದು ಸೆಲ್ಫ್ ಡೈರೆಕ್ಟೆಡ್ ಐಆರ್‌ಎ, ಅಂದರೆ ಒಳಗೆ ಏನು ಇಡಬೇಕು ಅಂತ ನಾವೇ ಆರಿಸುವ ಖಾತೆ. 1997ರ ತೆರಿಗೆ ಕಾನೂನು ಐಆರ್‌ಎಗಳಿಗೆ ಚಿನ್ನದ ಗಟ್ಟಿ ಇಟ್ಟುಕೊಳ್ಳಲು ಬಾಗಿಲು ತೆರೆಯಿತು. ಅದಕ್ಕೂ ಮುಂಚೆ ಅಮೆರಿಕನ್ ಈಗಲ್‌ನಂಥ ಕೆಲವು ನಾಣ್ಯಕ್ಕೆ ಮಾತ್ರ ಅವಕಾಶ ಇತ್ತು. ಇದರಲ್ಲಿ ಮೂರು ಕೈಗಳಿವೆ. ನಾಣ್ಯ ಮಾರುವ ಡೀಲರ್ ಒಬ್ಬ, ಖಾತೆ ನೋಡಿಕೊಳ್ಳುವ ಕಸ್ಟೋಡಿಯನ್ ಒಬ್ಬ, ನಾಣ್ಯ ಇಡುವ ಡಿಪಾಸಿಟರಿ ಇನ್ನೊಬ್ಬ. ನಿಮಗೆ ಫೋನ್ ಮಾಡುತ್ತಿರುವ ಹುಡುಗ ಡೀಲರ್ ಕಡೆಯವನು. ಅವನ ಲಾಭ ಆ 50, 125, 150ರಲ್ಲಿ ಇಲ್ಲ. ನಾಣ್ಯದ ಬೆಲೆಯಲ್ಲಿದೆ. ಅದನ್ನು ಅವನು ನಿಮಗೆ ಹೇಳಿಲ್ಲ, ಅಲ್ವಾ?

ಯಾವ ಚಿನ್ನ ಅನ್ನುವುದಕ್ಕೂ ನಿಯಮ ಇದೆ. ಶುದ್ಧತೆ 99.5% ಇರಬೇಕು. ಕೆನಡಾದ ಮೇಪಲ್ ಲೀಫ್ ಮತ್ತು ಅಮೆರಿಕನ್ ಬಫಲೋ ನಡೆಯುತ್ತವೆ. ತಮಾಷೆ ಏನಂದರೆ ಅಮೆರಿಕನ್ ಈಗಲ್ 22 ಕ್ಯಾರೆಟ್, ನಮ್ಮ 916 ಇದ್ದ ಹಾಗೆ, ಆದರೆ ಅದಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ. ಅದೇ 22 ಕ್ಯಾರೆಟ್ಟಿನ ದಕ್ಷಿಣ ಆಫ್ರಿಕಾದ ಕ್ರುಗರ್‌ರಾಂಡ್‌ಗೆ ಇಲ್ಲ. ನಿಮ್ಮ ಒಡವೆಯನ್ನಂತೂ ಹಾಕಲು ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಹಳೇ ಕಂಪನಿಯಿಂದ ಚೆಕ್ಕನ್ನು ನಿಮ್ಮ ಹೆಸರಿಗೆ ತರಿಸಿಕೊಳ್ಳಲೇಬೇಡಿ. ಹಾಗೆ ತರಿಸಿಕೊಂಡರೆ 20% ಹಿಡಿದುಕೊಂಡೇ ಕೊಡುತ್ತಾರೆ. 3 ಲಕ್ಷ 10 ಸಾವಿರದಲ್ಲಿ 62 ಸಾವಿರ ಐಆರ್‌ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆಗೆ) ಹೋಗಿ ನಿಮ್ಮ ಕೈಗೆ ಬರುವುದು 2 ಲಕ್ಷ 48 ಸಾವಿರ. ಆದರೆ 60 ದಿನದೊಳಗೆ ನೀವು ಹೊಸ ಖಾತೆಗೆ ಪೂರ್ತಿ 3 ಲಕ್ಷ 10 ಸಾವಿರ ಕಟ್ಟಬೇಕು, ಅಂದರೆ ಆ 62 ಸಾವಿರವನ್ನು ನೀವೇ ಎಲ್ಲಿಂದಾದರೂ ಹೊಂದಿಸಬೇಕು. ಹೊಂದಿಸದಿದ್ದರೆ ಅಷ್ಟನ್ನು ವಾಪಸ್ ತೆಗೆದ ಹಾಗೆ ಲೆಕ್ಕ. ನಿಮಗಿನ್ನೂ 59½ ಆಗಿಲ್ಲ, ಟ್ಯಾಕ್ಸ್ ಜೊತೆಗೆ 10% ದಂಡ ಬೇರೆ. ಖಾತೆಯಿಂದ ಖಾತೆಗೆ ನೇರವಾಗಿ ಹೋಗಲಿ.

ಹ್ಯೂಸ್ಟನ್_ತಾಳಮದ್ದಳೆ

ಮಾಡಿದ್ದೇನೆ. ಅನುಭವ ಬರೆಯುತ್ತೇನೆ, ಕಂಪನಿ ಹೆಸರು ಬೇಡ.

2020ರ ಆಗಸ್ಟ್. ಕೋವಿಡ್ ಕಾಲ, ಚಿನ್ನ ಮೊದಲ ಸಲ ಔನ್ಸಿಗೆ 2000 ಡಾಲರ್ ದಾಟಿದ ವಾರ. ಮನೆಯಲ್ಲೇ ಕೂತು ತಲೆ ಕೆಟ್ಟಿತ್ತು. 60 ಸಾವಿರ ಡಾಲರ್ ಹಾಕಿದೆ. ಮಾತು ಶುರುವಾಗಿದ್ದು ಮಾಮೂಲಿ ಈಗಲ್ ನಾಣ್ಯದಿಂದ. ಕೊನೆಯ ಫೋನ್‌ನಲ್ಲಿ ಆ ಮನುಷ್ಯ "ಪ್ರೂಫ್ ನಾಣ್ಯ ತಗೊಳ್ಳಿ ಸಾರ್, ಇವು ಕಡಿಮೆ ಸಂಖ್ಯೆಯಲ್ಲಿ ಅಚ್ಚಾಗೋದು, ಬೆಲೆ ಬೇಗ ಏರುತ್ತೆ" ಅಂದ. ನಾನು ಹೂಂ ಅಂದೆ. ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಖಾತೆಯ ಮೌಲ್ಯ 43 ಸಾವಿರ. ಚಿನ್ನದ ಬೆಲೆ ಇಳಿದಿರಲಿಲ್ಲ. ಕಸ್ಟೋಡಿಯನ್‌ಗೆ ಫೋನ್ ಮಾಡಿದರೆ "ನಾವು ಲೋಹದ ಬೆಲೆ ಮಾತ್ರ ತೋರಿಸುತ್ತೇವೆ" ಅಂದರು. ಡೀಲರ್‌ಗೆ ಮಾಡಿದರೆ ಆ ಮನುಷ್ಯ ಕೆಲಸ ಬಿಟ್ಟಿದ್ದಾನಂತೆ.

2025ರ ಅಕ್ಟೋಬರ್‌ನಲ್ಲಿ ಚಿನ್ನ 4000 ಆಸುಪಾಸಿಗೆ ಬಂದಾಗ ನನ್ನ ಖಾತೆ 86 ಸಾವಿರ ತೋರಿಸುತ್ತಿತ್ತು. ಲಾಭ ಆಯಿತಲ್ಲ ಅಂತ ತಮ್ಮ ಹೇಳುತ್ತಾನೆ. ಲಾಭ ಚಿನ್ನದ ದೆಸೆಯಿಂದ ಬಂತು, ಅವರಿಂದ ಅಲ್ಲ. ಆವತ್ತು 60 ಸಾವಿರಕ್ಕೆ ಲೋಹದ ಬೆಲೆಯಲ್ಲಿ 30 ಔನ್ಸು ಬರಬೇಕಿತ್ತು. ನನಗೆ ಬಂದಿದ್ದು ಇಪ್ಪತ್ತೊಂದೂವರೆ. ಎಂಟೂವರೆ ಔನ್ಸು ಹೋಯಿತು. ಔನ್ಸು ಅಂದರೆ 31.1 ಗ್ರಾಂ, ಸವರನ್ ಅಂದರೆ 8 ಗ್ರಾಂ. ಲೆಕ್ಕ ಹಾಕಿ ನೋಡಿ, 33 ಸವರನ್. ನಮ್ಮ ಅಜ್ಜಿ ಇಡೀ ಜೀವಮಾನದಲ್ಲಿ ಅಷ್ಟು ಕಂಡಿರಲಿಲ್ಲ, ನಾನು ಒಂದು ಫೋನ್ ಕಾಲಿನಲ್ಲಿ ಕಳೆದೆ.

ಉರ್ವಸ್ಟೋರ್

ನಮ್ಮ ಕಡೆ ಪವನ್ ಅಂತೇವೆ ಮಾರಾಯ್ರೆ. ಪವನ್ ಆಗಲಿ ಸವರನ್ ಆಗಲಿ, 33 ಅಂದರೆ ಹೊಟ್ಟೆ ಉರಿಯುತ್ತದೆ.

ಒಂಟಿಕೊಪ್ಪಲ್_ಎಡಿಸನ್

ಅಯ್ಯೋ. ಇವರಿಗೆ ಇದನ್ನು ಓದಿ ಹೇಳಿದೆ. "ಅವರು ಪ್ರೂಫ್ ತಗೊಂಡಿದ್ದು ತಪ್ಪು, ನಾವು ಮಾಮೂಲಿ ತಗೊಳ್ಳೋಣ" ಅನ್ನುತ್ತಾರೆ. ಇವರ ಭಯ ಬೇರೆ. 2008ರಲ್ಲಿ ಇವರ 401ಕೆ ಕಣ್ಣೆದುರಿಗೇ ಕರಗಿತು, ಮಾರ್ಕೆಟ್ ಆ ಒಂದೇ ವರ್ಷ 37% ಬಿದ್ದಿತ್ತಲ್ಲ. ತಳದಲ್ಲಿ ಎಲ್ಲಾ ಮಾರಿ ಕ್ಯಾಶಿಗೆ ಹಾಕಿದರು, ಐದು ವರ್ಷ ವಾಪಸ್ ಹೋಗಲಿಲ್ಲ. ಆ ಗಾಯ ಇನ್ನೂ ಇದೆ. ರಿಟೈರ್ ಆಗುವ ಹೊತ್ತಿಗೆ ಇನ್ನೊಂದು ಸಲ ಹಾಗಾದರೆ ಅಂತ ರಾತ್ರಿ ಎದ್ದು ಕೂರುತ್ತಾರೆ. ಸುಮ್ನೆ ನಗಾಡುವ ವಿಷಯ ಅಲ್ಲ.

ರಾಬರ್ಟ್‌ಸನ್‌ಪೇಟೆ

ಅಕ್ಕ, ನಾನು ಕೆಜಿಎಫ್‌ನವನು, ಈಗ ಟೊರಾಂಟೊದಲ್ಲಿದ್ದೇನೆ. ಅಮೆರಿಕದ ಖಾತೆಗಳ ಬಗ್ಗೆ ರಾಯರಷ್ಟು ತಿಳಿಯದು, ಆದರೆ ಚಿನ್ನದ ಬೆಲೆ ಒಂದು ಮನೆಗೆ ಏನು ಮಾಡುತ್ತದೆ ಅಂತ ನೋಡಿದ್ದೇನೆ.

ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಮೂರು ಕಿಲೋಮೀಟರಿಗಿಂತ ಆಳ, ಕೆಳಗೆ ಬಂಡೆಯೇ ಬಿಸಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಆಗ ಚಿನ್ನಕ್ಕೆ ಔನ್ಸಿಗೆ 300 ಡಾಲರೂ ಇರಲಿಲ್ಲ, ತೆಗೆಯುವ ಖರ್ಚು ಅದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತಿತ್ತು. 1980ರ ಜನವರಿಯಲ್ಲಿ 850ಕ್ಕೆ ಹೋಗಿದ್ದ ಚಿನ್ನ ಇದು. ಆ 850ನ್ನು ಮತ್ತೆ ನೋಡಲು 2008 ಬರಬೇಕಾಯಿತು. ಇಪ್ಪತ್ತೆಂಟು ವರ್ಷ! ಅದೂ ಈ ನಡುವಿನ ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿಯದೆ. 1980ರಲ್ಲಿ 58 ವರ್ಷದ ಯಾರೋ ಒಬ್ಬರು ರಿಟೈರ್‌ಮೆಂಟ್ ದುಡ್ಡನ್ನೆಲ್ಲಾ ಚಿನ್ನಕ್ಕೆ ಹಾಕಿದ್ದರೆ 86ನೇ ವಯಸ್ಸಿಗೆ ಅಸಲು ಬಂತು ಅಂತ ಆಗುತ್ತಿತ್ತು.

ಆಮೇಲೆ 2011ರಲ್ಲಿ 1900, 2015ರ ಕೊನೆಗೆ 1050. ಹೆಚ್ಚುಕಡಿಮೆ 45% ಕುಸಿತ. ಚಿನ್ನ ಬೀಳುವುದಿಲ್ಲ ಅನ್ನುವವರು ಈ ವರ್ಷಗಳನ್ನು ಹೇಳುವುದೇ ಇಲ್ಲ. ಇಷ್ಟಾದರೂ ನಾನು ಚಿನ್ನದ ವಿರೋಧಿ ಅಲ್ಲ, ನನ್ನ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಭಾಗ ಅದರಲ್ಲೇ ಇದೆ. ಷೇರು ಬಿದ್ದ 2008ರಲ್ಲಿ ಅದು ನಿಂತಿತು, 2022ರಲ್ಲಿ ಷೇರು ಬಾಂಡು ಎರಡೂ ಒಟ್ಟಿಗೆ ಬಿದ್ದಾಗಲೂ ನಿಂತಿತು. ಹತ್ತರಲ್ಲಿ ಒಂದು ಸರಿ. ಹತ್ತಕ್ಕೆ ಹತ್ತೂ ಬೇಡ.

ಅಂದ ಹಾಗೆ ಅಪ್ಪ ಗಣಿಯಿಂದ ಬಂದ ಸೆಟ್ಲ್‌ಮೆಂಟ್ ದುಡ್ಡಿನಲ್ಲಿ ಒಂದು ಗ್ರಾಂ ಚಿನ್ನ ಕೊಳ್ಳಲಿಲ್ಲ. ಎಲ್ಲಾ ಬ್ಯಾಂಕ್ ಎಫ್‌ಡಿ.

ಸತ್ಯ_ಕಹಿ

ಎಲ್ಲರೂ ಬುದ್ಧಿ ಹೇಳುವವರೇ. ಡಾಲರ್ ಕಥೆ ಮುಗಿಯಿತು ಸ್ವಾಮಿ, 2025ರ ಮಾರ್ಚ್‌ನಲ್ಲಿ 3000, ಅಕ್ಟೋಬರ್‌ನಲ್ಲಿ 4000, ಏಳೇ ತಿಂಗಳು! ಇನ್ನು ಇಟಿಎಫ್ (ಷೇರಿನ ಹಾಗೆ ಕೊಂಡು ಮಾರುವ ಫಂಡ್) ತಗೊಳ್ಳಿ ಅಂತ ಯಾರೋ ಬರುತ್ತಾರೆ ನೋಡುತ್ತಿರಿ, ಅದು ಕಾಗದದ ಚಿನ್ನ. 1933ರಲ್ಲಿ ಅಮೆರಿಕ ಸರ್ಕಾರ ಜನರ ಚಿನ್ನ ಕಿತ್ತುಕೊಂಡಿದ್ದು ಮರೆತಿರಾ?

ಒಂಟಿಕೊಪ್ಪಲ್_ಎಡಿಸನ್

ಅರೆ, ಸೇಲ್ಸ್ ಹುಡುಗನೂ ಇದನ್ನೇ ಹೇಳಿದ! ಅದಕ್ಕೇ "ಹಳೇ ಅಪರೂಪದ ನಾಣ್ಯ ತಗೊಳ್ಳಿ, ಅದನ್ನು ಸರ್ಕಾರ ಮುಟ್ಟಲ್ಲ" ಅಂತ.

ಲೆಕ್ಕದ_ರಾಯರು

1933ರ ಆದೇಶ ನಿಜ. ಏಪ್ರಿಲ್ 5ರಂದು ರೂಸ್‌ವೆಲ್ಟ್ ಹೊರಡಿಸಿದರು. ಜನ ಚಿನ್ನದ ನಾಣ್ಯ, ಗಟ್ಟಿ, ಸರ್ಟಿಫಿಕೇಟ್ ತಂದು ಕೊಡಬೇಕು, ಔನ್ಸಿಗೆ 20.67 ಡಾಲರ್ ಸಿಗುತ್ತದೆ. ಎಲ್ಲಾ ಒಳಗೆ ಬಂದ ಮೇಲೆ, 1934ರ ಜನವರಿಯಲ್ಲಿ ಬೆಲೆಯನ್ನು 35ಕ್ಕೆ ಏರಿಸಿದರು. ಜನರಿಗೆ ಮೋಸ ಆಯಿತು ಅನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ತಲೆಗೆ 100 ಡಾಲರ್ ಬೆಲೆಯಷ್ಟು ಚಿನ್ನಕ್ಕೂ, ಸಂಗ್ರಹಕಾರರ ಅಪರೂಪದ ನಾಣ್ಯಕ್ಕೂ ವಿನಾಯಿತಿ ಇತ್ತು. ಆ ಒಂದು ಸಾಲನ್ನು ಹಿಡಿದುಕೊಂಡು ದುಬಾರಿ ನಾಣ್ಯ ಮಾರುವುದು ಇವರ ಹಳೇ ವಿದ್ಯೆ. ಆ ನಿರ್ಬಂಧ 1974ರ ಕೊನೆಯ ದಿನಕ್ಕೆ ಹೋಯಿತು, ಅಲ್ಲಿಂದ ಈಚೆಗೆ ಯಾರು ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು.

ಇನ್ನು ಸ್ವಲ್ಪ ಯೋಚನೆ ಮಾಡಿ ಸತ್ಯ ಅವರೇ. ಸರ್ಕಾರ ನಾಳೆ ಕಿತ್ತುಕೊಳ್ಳುತ್ತದೆ ಅಂತಲೇ ಇಟ್ಟುಕೊಳ್ಳಿ, ಐಆರ್‌ಎಸ್‌ಗೆ ಪ್ರತಿ ವರ್ಷ ವರದಿ ಹೋಗುವ ಖಾತೆಯಲ್ಲಿ, ಪಟ್ಟಿ ಸಮೇತ ಒಂದೇ ತಿಜೋರಿಯಲ್ಲಿ ಜೋಡಿಸಿಟ್ಟ ಚಿನ್ನಕ್ಕಿಂತ ಸುಲಭವಾಗಿ ಸಿಗುವುದು ಯಾವುದು?

ಸತ್ಯ_ಕಹಿ

ಅದಕ್ಕೇ ಮನೆಯಲ್ಲಿ ಇಟ್ಟುಕೊಳ್ಳಬೇಕು. ನನ್ನ ಫ್ರೆಂಡ್ ಒಂದು ಎಲ್‌ಎಲ್‌ಸಿ (ಸ್ವಂತ ಹೆಸರಿನ ಸಣ್ಣ ಕಂಪನಿ) ಮಾಡಿ ಐಆರ್‌ಎ ನಾಣ್ಯವನ್ನು ಮನೆಯ ಸೇಫಿನಲ್ಲೇ ಇಟ್ಟಿದ್ದಾನೆ.

ಲೆಕ್ಕದ_ರಾಯರು

ನಿಮ್ಮ ಫ್ರೆಂಡಿಗೆ ಬೇಗ ಒಬ್ಬ ಸಿಪಿಎ (ಅಮೆರಿಕದ ಸಿಎ) ನೋಡಲು ಹೇಳಿ. ಇದೇ ಎಲ್‌ಎಲ್‌ಸಿ ಉಪಾಯ ಮಾಡಿದ ರೋಡ್ ಐಲೆಂಡ್‌ನ ದಂಪತಿಯ ಕೇಸು ಟ್ಯಾಕ್ಸ್ ಕೋರ್ಟಿಗೆ ಹೋಗಿತ್ತು. 2021ರ ನವೆಂಬರ್‌ನಲ್ಲಿ ತೀರ್ಪು ಬಂತು. ನಾಣ್ಯ ಮನೆಗೆ ಬಂದರೆ ದುಡ್ಡು ಕೈಗೆ ಬಂದ ಹಾಗೆ, ಅಷ್ಟಕ್ಕೂ ಟ್ಯಾಕ್ಸ್ ಕಟ್ಟಿ, ದಂಡವನ್ನೂ ಕಟ್ಟಿ ಅಂತ.

ಸಿರ್ಸಿ_ಸೊಸೆ

ಇದುವರೆಗೆ ಯಾರೂ ಹೇಳಲಿಲ್ಲವಲ್ಲ ಅಂತ ನಾನು ಬರೆಯುತ್ತಿದ್ದೇನೆ. ಅಕ್ಕ, ನಿಮ್ಮ ಅಮ್ಮನ ಬಳೆ ಗಿರವಿ ಹೋದ ಕಥೆ ಬರೆದಿರಿ. ನಮ್ಮ ಮನೆಗಳಲ್ಲಿ ಚಿನ್ನ ಅಂದರೆ ಅದೇ ತಾನೆ? ಬೆಲೆ ಏರುತ್ತದೆ ಅಂತ ಯಾರೂ ಕೊಳ್ಳುತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಆಸ್ಪತ್ರೆಗೆ ಹೋಗಬೇಕಾದರೂ ಬೀರುವಿನಲ್ಲಿ ಏನೋ ಒಂದು ಇದೆ ಅನ್ನುವ ಧೈರ್ಯ. ಹಾಕಿಕೊಳ್ಳಬಹುದು, ಅಡ ಇಡಬಹುದು, ಮಗಳಿಗೆ ಕೊಡಬಹುದು.

ಈ ಐಆರ್‌ಎ ಚಿನ್ನದಲ್ಲಿ ಇದರಲ್ಲಿ ಒಂದೂ ಆಗುವುದಿಲ್ಲ. ಮುಟ್ಟುವ ಹಾಗಿಲ್ಲ, ಮನೆಗೆ ತರುವ ಹಾಗಿಲ್ಲ. ಐಆರ್‌ಎಯನ್ನು ಸಾಲಕ್ಕೆ ಅಡ ಇಟ್ಟರೆ ಅಡ ಇಟ್ಟಷ್ಟನ್ನು ವಾಪಸ್ ತೆಗೆದ ಹಾಗೇ ಲೆಕ್ಕ ಹಾಕಿ ಟ್ಯಾಕ್ಸ್ ಹಾಕುತ್ತಾರೆ. ಅಂದರೆ ಗಿರವಿ ಇಡಲಾಗದ ಚಿನ್ನ! ನಿಮ್ಮ ಯಜಮಾನರು ಕೊಳ್ಳಲು ಹೊರಟಿರುವುದು ಅಮ್ಮನ ಬಳೆಯ ಧೈರ್ಯವನ್ನು, ಆ ಹುಡುಗ ಮಾರುತ್ತಿರುವುದು ಡೆಲವೇರ್‌ನ ಗೋಡೌನಿನ ಒಂದು ರಸೀದಿಯನ್ನು.

ಹ್ಯೂಸ್ಟನ್_ತಾಳಮದ್ದಳೆ

ಇದನ್ನು 2020ರಲ್ಲಿ ನನಗೆ ಯಾರಾದರೂ ಹೇಳಬಾರದಿತ್ತಾ ತಂಗಿ.

ಬೇಳೆಸಾರು_ಬೇಏರಿಯಾ

ಸತ್ಯ ಅವರು ಭವಿಷ್ಯ ನುಡಿದ "ಇಟಿಎಫ್ ತಗೊಳ್ಳಿ ಅನ್ನುವವ" ನಾನೇ, ಬಂದಿದ್ದೇನೆ 🙏

ರಸೀದಿಯೇ ಸಾಕು ಅನ್ನುವುದಾದರೆ ಕಡಿಮೆ ಖರ್ಚಿನ ರಸೀದಿ ತಗೊಳ್ಳಿ. 401ಕೆಯನ್ನು ಮಾಮೂಲಿ ಬ್ರೋಕರೇಜ್‌ನ ಐಆರ್‌ಎಗೆ ನೇರ ವರ್ಗಾಯಿಸಿ, ಅದರೊಳಗೆ ಎಷ್ಟು ಬೇಕೋ ಅಷ್ಟಕ್ಕೆ ಚಿನ್ನದ ಇಟಿಎಫ್. 2004ರಲ್ಲಿ ಬಂದ ಜಿಎಲ್‌ಡಿ ಹಳೆಯದು, ವರ್ಷಕ್ಕೆ 0.40% ಖರ್ಚು. ಐಎಯು 0.25%. ಜಿಎಲ್‌ಡಿಎಂ 0.10%. ಇವೂ ತಿಜೋರಿಯಲ್ಲಿ ಗಟ್ಟಿ ಇಟ್ಟೇ ನಡೆಸುವುದು, ಬರೀ ಕಾಗದ ಅಲ್ಲ. ರಾಬರ್ಟ್‌ಸನ್‌ಪೇಟೆ ಅವರು ಹೇಳಿದ ಹತ್ತರಲ್ಲಿ ಒಂದು ಅಂದರೆ ಅಕ್ಕನಿಗೆ 31 ಸಾವಿರ. ಅದಕ್ಕೆ 0.10% ಅಂದರೆ ವರ್ಷಕ್ಕೆ 31 ಡಾಲರ್. ಆ ಹುಡುಗನ ಲೆಕ್ಕದಲ್ಲಿ 275. ಕೊಳ್ಳುವಾಗ ಮಾರುವಾಗ ಡೀಲರ್ ತಿನ್ನುವುದು ಬೇರೆ. ಬೇಡ ಅನಿಸಿದ ದಿನ ಒಂದು ಬಟನ್ ಒತ್ತಿ ಮಾರಬಹುದು, ಯಾರನ್ನೂ ಬೇಡಿಕೊಳ್ಳಬೇಕಿಲ್ಲ.

ಇನ್ನೊಂದು: ಐಆರ್‌ಎ ಹೊರಗೆ ಚಿನ್ನ ಅಥವಾ ಈ ಇಟಿಎಫ್ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟು ಮಾರಿದರೆ ಷೇರಿನ ಹಾಗೆ 15 ಅಥವಾ 20% ಅಲ್ಲ, ಕಲೆಕ್ಟಿಬಲ್ (ಸಂಗ್ರಹದ ವಸ್ತು) ಅಂತ 28% ತನಕ ಟ್ಯಾಕ್ಸ್ ಇದೆ. ಐಆರ್‌ಎ ಒಳಗೆ ಆ ತಲೆನೋವಿಲ್ಲ, ತೆಗೆಯುವಾಗ ಮಾಮೂಲಿ ಆದಾಯದ ಲೆಕ್ಕ.

ವಾಪಸ್_ಬಂದವ

ನೀವು ಕೊನೆಗೆ ಮೈಸೂರಿಗೆ ಬರುವ ಯೋಚನೆ ಇದ್ದರೆ ಒಂದು ಮಾತು. ನಾನು 2022ರಲ್ಲಿ ಬೆಂಗಳೂರಿಗೆ ಬಂದೆ. 401ಕೆ, ಐಆರ್‌ಎ ಅಲ್ಲೇ ಇವೆ. ನಾನು ಬಂದಾಗ ಇಲ್ಲಿನ ಆದಾಯ ತೆರಿಗೆಯಲ್ಲಿ 89ಎ ಅಂತ ಒಂದು ಸೆಕ್ಷನ್ ಇತ್ತು, 10-ಇಇ ಫಾರಂ ಹಾಕಿದರೆ ಅಲ್ಲಿ ದುಡ್ಡು ತೆಗೆದ ವರ್ಷಕ್ಕೇ ಇಲ್ಲಿ ಟ್ಯಾಕ್ಸ್ ಬೀಳುತ್ತಿತ್ತು. ಒಳ್ಳೆ ಸಿಎ ಹಿಡಿಯಿರಿ, ಇಲ್ಲಿ ಬರೆದರೆ ಮುಗಿಯುವುದಿಲ್ಲ.

ನಾಣ್ಯದ ವಿಷಯ ಯೋಚಿಸಿ. ನಿಮಗೆ 75 ಆದಾಗ ಪ್ರತಿ ವರ್ಷ ಇಷ್ಟು ಅಂತ ಕಡ್ಡಾಯವಾಗಿ ತೆಗೆಯಲೇಬೇಕು (1960ರಿಂದ ಈಚೆಗೆ ಹುಟ್ಟಿದವರಿಗೆ 75, ಅದಕ್ಕೂ ಸ್ವಲ್ಪ ಮುಂಚಿನವರಿಗೆ 73). ಲೆಕ್ಕ 11,300 ಡಾಲರ್ ಅಂತ ಬಂದರೆ ನಾಣ್ಯ ಕತ್ತರಿಸಿ ಕೊಡುತ್ತಾರಾ? ಮೈಸೂರಿನಲ್ಲಿ ಕೂತು ಫೋನ್‌ನಲ್ಲಿ ಅವರು ಹೇಳಿದ ಬೆಲೆಗೆ ಮಾರಿಸಬೇಕು. ಔನ್ಸಿನ ಹತ್ತನೇ ಒಂದು ಭಾಗದ ಸಣ್ಣ ನಾಣ್ಯ ಇದೆ, ಆದರೆ ಚಿಕ್ಕದಾದಷ್ಟೂ ಮೇಲೆ ಹಾಕುವ ದರ ಜಾಸ್ತಿ.

ಊರಲ್ಲಿ ಸಾವರಿನ್ ಗೋಲ್ಡ್ ಬಾಂಡ್ (ಚಿನ್ನದ ಬೆಲೆಗೆ ತಕ್ಕಂತೆ ದುಡ್ಡು ಕೊಡುವ ಸರ್ಕಾರಿ ಬಾಂಡ್) ಕೊಳ್ಳುತ್ತೇನೆ ಅನ್ನುವ ಆಸೆಯೂ ಬೇಡ. 2015ರಲ್ಲಿ ಗ್ರಾಂಗೆ 2684 ರೂಪಾಯಿಗೆ ಕೊಟ್ಟ ಮೊದಲ ಕಂತಿಗೆ 2023ರಲ್ಲಿ 6132 ಸಿಕ್ಕಿತು, ನಡುವೆ ಬಡ್ಡಿ ಬೇರೆ. ಬಂಗಾರದಂಥ ಯೋಜನೆ, ಅದಕ್ಕೇ ಸರ್ಕಾರಕ್ಕೆ ಭಾರವಾಯಿತು. 2024ರ ಫೆಬ್ರವರಿ ಆದ ಮೇಲೆ ಹೊಸ ಕಂತು ಬಂದಿಲ್ಲ. ಎನ್‌ಆರ್‌ಐಗಳಿಗಂತೂ ಮೊದಲಿಂದಲೂ ಇಲ್ಲ.

ಲೆಕ್ಕದ_ರಾಯರು

ಮೇಡಂ, ಆ ಹುಡುಗನಿಗೆ ಮೂರೇ ಪ್ರಶ್ನೆ ಕೇಳಿ, ಉತ್ತರ ಇಮೇಲ್‌ನಲ್ಲಿ ಬೇಕು ಅನ್ನಿ. ನಾಣ್ಯದ ಹೆಸರೇನು. ಇವತ್ತಿನ ಮಾರ್ಕೆಟ್ ಬೆಲೆಗಿಂತ ಎಷ್ಟು ಮೇಲೆ ಮಾರುತ್ತೀಯ. ಇವತ್ತು ಕೊಂಡು ಇವತ್ತೇ ಮಾರಿದರೆ ಎಷ್ಟು ಕೊಡುತ್ತೀಯ.

2020ರಲ್ಲಿ ಸಿಎಫ್‌ಟಿಸಿ (ಸರಕು ಮಾರುಕಟ್ಟೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ) ಮತ್ತು 30 ರಾಜ್ಯಗಳ ಅಧಿಕಾರಿಗಳು ಸೇರಿ ಇಂಥದ್ದೇ ಒಂದು ವ್ಯವಹಾರದ ಮೇಲೆ ಕೇಸು ಹಾಕಿದರು. 1600 ಜನರ 18.5 ಕೋಟಿ ಡಾಲರ್, ಬಹುಪಾಲು ವಯಸ್ಸಾದವರ ರಿಟೈರ್‌ಮೆಂಟ್ ದುಡ್ಡು. ಆರೋಪ ಇದ್ದಿದ್ದೇ ನಾಣ್ಯಕ್ಕೆ ಹಾಕಿದ ದರದ ಬಗ್ಗೆ. ಎಲ್ಲರೂ ಹಾಗೆ ಅಲ್ಲ. ಆದರೆ ಬೆಲೆ ಬರೆದು ಕೊಡದವರ ಹತ್ತಿರ ಈರುಳ್ಳಿ ಕೂಡ ಕೊಳ್ಳಬೇಡಿ.

ಒಂಟಿಕೊಪ್ಪಲ್_ಎಡಿಸನ್

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೂರು ಪ್ರಶ್ನೆ ಕೇಳಿದೆವು. ಫೋನನ್ನು ಸ್ಪೀಕರಿಗೆ ಹಾಕಿ ಇವರ ಕೈಲೇ ಕೇಳಿಸಿದೆ. ಮೊದಲನೆಯದಕ್ಕೆ ಉತ್ತರ ಬಂತು. ಎರಡನೆಯದಕ್ಕೆ "ಬೆಲೆ ನಿಮಿಷ ನಿಮಿಷಕ್ಕೂ ಬದಲಾಗುತ್ತೆ, ಬರೆದು ಕೊಡೋಕೆ ಆಗಲ್ಲ" ಅಂದ. ಮೂರನೆಯದಕ್ಕೆ ಮ್ಯಾನೇಜರ್ ಬಂದ. ಮ್ಯಾನೇಜರ್ ನಾನು 2008ರ ಬಗ್ಗೆ ಮಾತಾಡಲಾ ಅಂತ ಶುರು ಮಾಡಿದ. ಆಗ ಇವರು ತಾವೇ ಫೋನ್ ಇಟ್ಟರು. ನಾನೇನೂ ಹೇಳಲಿಲ್ಲ, ಕಾಫಿ ಮಾಡಿ ಕೊಟ್ಟೆ.

401ಕೆ ಮಾಮೂಲಿ ಐಆರ್‌ಎಗೆ ನೇರ ಹೋಗುತ್ತಿದೆ. ಅದರಲ್ಲಿ 30 ಸಾವಿರ ಚಿನ್ನದ ಇಟಿಎಫ್‌ಗೆ, ಬಾಂಡಿನ ಪಾಲನ್ನೂ ಜಾಸ್ತಿ ಮಾಡುತ್ತಿದ್ದೇವೆ, ಇವರ ನಿದ್ದೆಗೋಸ್ಕರ. ಸಿರ್ಸಿ ತಂಗಿಯ ಮಾತು ಇವರಿಗೆ ತುಂಬಾ ನಾಟಿತು. ನಾಟಿದ್ದರ ಫಲ ಏನಂದರೆ, ಉಳಿತಾಯ ಖಾತೆಯ ದುಡ್ಡಿನಲ್ಲಿ ಕಾಸ್ಟ್‌ಕೋದಿಂದ ಒಂದು ಔನ್ಸಿನ ಗಟ್ಟಿ ತರಿಸಿದ್ದಾರೆ! ಬಿಸ್ಕತ್ತಿನಷ್ಟೂ ಇಲ್ಲ. ದಿನಾ ಸಂಜೆ ಬೀರು ತೆಗೆದು ನೋಡುತ್ತಾರೆ. ನಾನು ಅದನ್ನು ಅಮ್ಮನ ಬಳೆ ಡಬ್ಬಿಯ ಪಕ್ಕ ಇಟ್ಟಿದ್ದೇನೆ.

ಜಯನಗರ_4ನೇ_ಬ್ಲಾಕ್

ಬೆಳ್ಳಿ ಫ್ರೀ ಕೊಟ್ಟರಾ?

ಒಂಟಿಕೊಪ್ಪಲ್_ಎಡಿಸನ್

ಇಲ್ಲ. ಅದೇ ದಿನ ನಾನೇ ಹೋಗಿ ಎರಡು ಡಜನ್ ಮೊಟ್ಟೆ, ಒಂದು ಮೂಟೆ ಅಕ್ಕಿ ತಂದೆ, ಅದಕ್ಕೂ ದುಡ್ಡು ತಗೊಂಡರು.

ಲೆಕ್ಕದ_ರಾಯರು

ಗಟ್ಟಿಯ ರಸೀದಿ ಇಟ್ಟುಕೊಂಡಿದ್ದೀರಾ ಮೇಡಂ? ಮಾರುವ ದಿನ ಎಷ್ಟಕ್ಕೆ ಕೊಂಡಿರಿ ಅಂತ ತೋರಿಸಲು ಬೇಕಾಗುತ್ತದೆ, ಆ 28%ರ ಲೆಕ್ಕಕ್ಕೆ.

ಒಂಟಿಕೊಪ್ಪಲ್_ಎಡಿಸನ್

ಅಯ್ಯೋ, ಡಬ್ಬಿ ಸಮೇತ ರೀಸೈಕಲ್‌ಗೆ ಹಾಕಿಬಿಟ್ಟೆ. ಬೆಳಗ್ಗೆ ಗಾಡಿ ಬಂದು ಹೋಯಿತು.

ಲೆಕ್ಕದ_ರಾಯರು

ಆನ್‌ಲೈನ್ ಆರ್ಡರ್ ತಾನೆ, ಅಕೌಂಟಿನಲ್ಲಿ ಇರುತ್ತದೆ. ಇವತ್ತೇ ಪ್ರಿಂಟ್ ತೆಗೆದು ಬಳೆ ಡಬ್ಬಿಯೊಳಗೆ ಹಾಕಿಡಿ.